ಹಳೇ ಪ್ರೋಗ್ರಾಮೆಬಲ್ ಕೀಬೋರ್ಡ್ ಬಳಸೋದು ಹೇಗೆ: ನಿಮ್ಮ ಕೈಗೊಂದು ಎನಿಕೀ ಸಿಕ್ಕಿದ್ರೆ

ಸೆಕೆಂಡ್ ಹ್ಯಾಂಡ್‌ನಲ್ಲೋ ಯಾರದೋ ಅಟ್ಟದ ಮೇಲಿಂದಲೋ ಒಂದು ಹಳೇ ಕೀಬೋರ್ಡ್ ಸಿಕ್ತು, ಕಂಪ್ಯೂಟರ್‌ಗೆ ಹಾಕಿದ್ರಿ, ಎಸ್ ಒತ್ತಿದ್ರೆ ಡಿ ಬರ್ತಿದೆ, ಎಂಟರ್ ಒತ್ತಿದ್ರೆ ಏನೋ ಒಂದು ಸಾಲು ತಾನೇ ಟೈಪ್ ಆಗ್ತಿದೆ ಅಂದ್ರೆ ದಯವಿಟ್ಟು ಎಸೀಬೇಡಿ. ಅದು ಕೆಟ್ಟಿಲ್ಲ. ಹಿಂದಿನ ಓನರ್ ಮಾಡಿಟ್ಟ ಪ್ರೋಗ್ರಾಮಿಂಗ್ ಇನ್ನೂ ಅದರ ಹೊಟ್ಟೇಲೇ ಇದೆ, ಅಷ್ಟೇ.

1990ರ ದಶಕದ ಶುರುವಿನಲ್ಲಿ ಅಮೆರಿಕದ ಗೇಟ್‌ವೇ 2000 ಕಂಪನಿ ತನ್ನ ಕಂಪ್ಯೂಟರ್‌ಗಳ ಜೊತೆ ಎನಿಕೀ ಅನ್ನೋ ಕೀಬೋರ್ಡ್ ಕೊಡ್ತಿತ್ತು, ತಯಾರಿಸಿದ್ದು ಮ್ಯಾಕ್ಸಿ ಸ್ವಿಚ್. ಒಟ್ಟು 124 ಕೀ, ಎಫ್ ಕೀಗಳು ಮೇಲೂ ಇವೆ ಎಡಗಡೆನೂ ಇವೆ, ಆ್ಯರೋ ಕೀಗಳಂತೂ ನಾಲ್ಕಲ್ಲ, ಓರೆ ದಿಕ್ಕಿನವೂ ಸೇರಿ ಎಂಟು. ಒಳಗಡೆ ರಬ್ಬರ್ ಡೋಮ್, ಅಂದ್ರೆ ಕೀ ಕೆಳಗೆ ಗುಮ್ಮಟದ ಥರ ಮೆತ್ತಗಿನ ರಬ್ಬರ್, ಹಾಗಾಗಿ ಮೆಕ್ಯಾನಿಕಲ್ ಕೀಬೋರ್ಡಿನ ಟಕಟಕ ಇಲ್ಲ. ಆದ್ರೆ ಇದರ ಬೆಲೆ ಇರೋದು ಸದ್ದಲ್ಲಲ್ಲ, ನೆನಪಲ್ಲಿ. ಡ್ರೈವರ್ ಬೇಡ, ಸಾಫ್ಟ್‌ವೇರ್ ಬೇಡ, ಕೀ ಬದಲಾಯಿಸಿದ್ದೆಲ್ಲ ಕೀಬೋರ್ಡ್ ಒಳಗಿನ ಮೆಮೊರೀಲೇ ಉಳಿಯತ್ತೆ, ವೈರ್ ಕಿತ್ತು ವರ್ಷಗಟ್ಟಲೆ ಇಟ್ರೂ ಹೋಗಲ್ಲ, ಬೇರೆ ಕಂಪ್ಯೂಟರ್‌ಗೆ ಹಾಕಿದ್ರೂ ಜೊತೇಲೇ ಬರತ್ತೆ. ನನಗೆ ಇದು ಇವತ್ತಿಗೂ ತುಂಬಾ ಇಷ್ಟವಾಗೋ ವಿಷಯ.

ಮೊದಲು ಕನೆಕ್ಷನ್. ಹಳೇ ಪೀಸ್‌ಗಳಲ್ಲಿ ದಪ್ಪ 5 ಪಿನ್ ಡಿನ್ ಕನೆಕ್ಟರ್ ಇರತ್ತೆ, ಆಮೇಲಿನವುಗಳಲ್ಲಿ ಚಿಕ್ಕ 6 ಪಿನ್ ಪಿಎಸ್/2. ಹಳೇ ಐಬಿಎಂ ಎಟಿ ಕಂಪ್ಯೂಟರ್ ಕಾಲದ 5 ಪಿನ್‌ನಿಂದ ಪಿಎಸ್/2ಗೆ ಹೋಗೋಕೆ ಸಾದಾ ಅಡಾಪ್ಟರ್ ಸಾಕು, ಒಳಗಿರೋದು ಬರೀ ವೈರಿಂಗ್ ಬದಲಾವಣೆ. ಪಿಎಸ್/2ನಿಂದ ಯುಎಸ್‌ಬಿಗೆ ಮಾತ್ರ ಹಾಗಲ್ಲ, ಚಿಪ್ ಇರೋ ಆ್ಯಕ್ಟಿವ್ ಕನ್ವರ್ಟರ್ರೇ ಬೇಕು. ಪುಟಾಣಿ ಪ್ಲಗ್ ಥರ ಇರೋ ಅಡಾಪ್ಟರ್ ಕೆಲಸ ಮಾಡೋದು ಪಿಎಸ್/2, ಯುಎಸ್‌ಬಿ ಎರಡೂ ಭಾಷೆ ಗೊತ್ತಿರೋ ಹೊಸ ಕೀಬೋರ್ಡ್‌ಗಳಿಗೆ ಮಾತ್ರ, ಇವಕ್ಕಲ್ಲ. ಇನ್ನೊಂದು, ಪಿಎಸ್/2 ಪೋರ್ಟಿಗೆ ನೇರ ಹಾಕೋರು ಕಂಪ್ಯೂಟರ್ ಪೂರ್ತಿ ಆಫ್ ಮಾಡೇ ಹಾಕಿ, ಆನ್ ಇರುವಾಗ ಚುಚ್ಚೋದು ಕೀಳೋದು ಮಾಡಿದ್ರೆ ಮದರ್‌ಬೋರ್ಡ್‌ನಲ್ಲಿರೋ ಫ್ಯೂಸ್ ಹೋಗೋ ಚಾನ್ಸ್ ಇದೆ.

ಈಗ ಮುಖ್ಯವಾದ ಕೆಲಸ, ಅಳಿಸೋದು. ಎಲ್ಲರೂ ಮೊದಲು ಪ್ರೋಗ್ರಾಮ್ ಮಾಡೋಕೆ ಹೋಗ್ತಾರೆ, ನಾನು ಹೇಳೋದು ಮೊದಲು ಅಳಿಸೋದು ಕಲೀರಿ, ಆಮೇಲೆ ಏನು ತಪ್ಪಾದ್ರೂ ವಾಪಸ್ ಬರೋ ದಾರಿ ಗೊತ್ತಿರತ್ತೆ. ಕಂಟ್ರೋಲ್ ಮತ್ತು ಆಲ್ಟ್ ಹಿಡ್ಕೊಂಡು ಸಸ್ಪೆಂಡ್ ಮ್ಯಾಕ್ರೋ ಕೀ ಒತ್ತಿ. ಎಲ್ಲಾ ಮ್ಯಾಕ್ರೋ (ಒಂದೇ ಕೀ ಒತ್ತಿದ್ರೆ ತಾನೇ ಟೈಪ್ ಆಗೋ ಸಾಲು), ಎಲ್ಲಾ ರೀಮ್ಯಾಪ್ (ಒಂದು ಕೀಗೆ ಇನ್ನೊಂದು ಕೀಯ ಕೆಲಸ ಕೊಡೋದು) ಹೋಗಿ ಫ್ಯಾಕ್ಟರಿಯಿಂದ ಬಂದ ಹಾಗೆ ಆಗತ್ತೆ. ಇದಾದ್ಮೇಲೆ ನೋಟ್‌ಪ್ಯಾಡ್ ತೆಗೆದು ಒಂದೊಂದೇ ಕೀ ಒತ್ತಿ ನೋಡಿ. ಈಗಲೂ ಯಾವುದಾದ್ರೂ ಕೀ ಬರ್ತಿಲ್ಲ ಅಂದ್ರೆ ಅದು ಧೂಳೋ ಮೆಂಬ್ರೇನ್ (ಕೀಗಳ ಅಡಿ ಇರೋ ತೆಳು ಪ್ಲಾಸ್ಟಿಕ್ ಹಾಳೆ) ತೊಂದ್ರೆನೋ ಇರಬೇಕು, ಅದು ಬೇರೆ ರಿಪೇರಿ.

ರೀಮ್ಯಾಪ್ ಮಾಡೋಕೆ ರೀಮ್ಯಾಪ್ ಕೀ ಒತ್ತಿ, ಪ್ರೋಗ್ರಾಮ್ ಲೈಟ್ ಮಿಣುಕೋಕೆ ಶುರುವಾಗತ್ತೆ, ಆಮೇಲೆ ಬೇಕಾದ ಎರಡು ಕೀಗಳನ್ನ ಒಂದಾದ್ಮೇಲೊಂದು ಒತ್ತಿ, ಕೊನೆಗೆ ಮತ್ತೆ ರೀಮ್ಯಾಪ್ ಒತ್ತಿ ಮುಗಿಸಿ. ಜನ ಎಡವೋದು ಯಾವ ಕೀ ಮೊದಲು ಅನ್ನೋದ್ರಲ್ಲಿ. ಅದಕ್ಕೆ ಮೊದಲ ಸಲ ಎಡಗಡೆಯ ಎಫ್5 ಮತ್ತೆ ಯಾವುದಾದ್ರೂ ಒಂದು ಅಕ್ಷರದ ಕೀ ತಗೊಂಡು ಟ್ರಯಲ್ ಮಾಡಿ, ಯಾವುದು ಬದಲಾಯ್ತು ನೋಡಿ, ಕ್ರಮ ತಲೇಲಿ ಕೂರತ್ತೆ, ಆಮೇಲೆ ಮೇಲೆ ಹೇಳಿದ ಹಾಗೆ ಅಳಿಸಿಬಿಡಿ. ಕ್ಯಾಪ್ಸ್ ಲಾಕ್ ಜಾಗಕ್ಕೆ ಕಂಟ್ರೋಲ್ ತರೋದು ತುಂಬಾ ಜನ ಮಾಡೋ ಬದಲಾವಣೆ, ಒಂದು ಸಲ ರೂಢಿಯಾದ್ರೆ ಕಿರುಬೆರಳಿಗೆ ಎಷ್ಟು ಆರಾಮ ಅಂತ ಗೊತ್ತಾಗತ್ತೆ, ಆದ್ರೆ ಒಂದು ದಿಕ್ಕಿನಲ್ಲಿ ಮಾತ್ರ ಮಾಡಿದ್ರೆ ಒಂದು ಕಂಟ್ರೋಲ್ ಹೆಚ್ಚಾಗತ್ತೆ, ಕ್ಯಾಪ್ಸ್ ಲಾಕ್ ಎಲ್ಲೂ ಇರಲ್ಲ, ಅದೂ ಬೇಕಂದ್ರೆ ವಾಪಸ್ ದಿಕ್ಕಿನಲ್ಲೂ ಇನ್ನೊಂದು ರೀಮ್ಯಾಪ್ ಮಾಡ್ಬೇಕು.

ಮ್ಯಾಕ್ರೋ ಇದಕ್ಕಿಂತ ಸುಲಭ. ಪ್ರೋಗ್ರಾಮ್ ಮ್ಯಾಕ್ರೋ ಒತ್ತಿ, ಯಾವ ಕೀಗೆ ಮ್ಯಾಕ್ರೋ ಬೇಕೋ ಅದನ್ನ ಒತ್ತಿ, ಟೈಪ್ ಆಗ್ಬೇಕಾದ್ದನ್ನ ಟೈಪ್ ಮಾಡಿ, ಮತ್ತೆ ಪ್ರೋಗ್ರಾಮ್ ಮ್ಯಾಕ್ರೋ ಒತ್ತಿ. ಎಡಗಡೆಯ ಎಫ್ ಕೀಗಳು ಇದಕ್ಕೇ ಮಾಡಿಟ್ಟ ಹಾಗಿವೆ, ಮೇಲಿನ ಸಾಲು ಹೇಗೂ ಮಾಮೂಲಿ ಕೆಲಸಕ್ಕೆ ಉಳಿಯತ್ತೆ. ಅಕ್ಷರದ ಕೀಗಳ ಮೇಲೆ ಮ್ಯಾಕ್ರೋ ಹಾಕ್ಬೇಡಿ, ಆರು ತಿಂಗಳಾದ್ಮೇಲೆ ಮರೆತು ಕೀಬೋರ್ಡ್ ಹಾಳಾಯ್ತು ಅಂದ್ಕೊತೀರಿ. ಪಾಸ್‌ವರ್ಡ್ ಅಂತೂ ಬೇಡವೇ ಬೇಡ, ಕೀಬೋರ್ಡ್ ಯಾರ ಕೈಗೆ ಹೋಗತ್ತೋ ಅವರಿಗೆ ಒಂದೇ ಒತ್ತಿಗೆ ಸಿಕ್ಕಿಬಿಡತ್ತೆ.

ಕನ್ನಡ ಟೈಪ್ ಮಾಡೋರು ಇಲ್ಲಿ ಸ್ವಲ್ಪ ನಿಂತು ಓದಿ. ಕೀಬೋರ್ಡ್ ಕಂಪ್ಯೂಟರ್‌ಗೆ ಕಳ್ಸೋದು ಅಕ್ಷರ ಅಲ್ಲ, ಯಾವ ಕೀ ಒತ್ತಿದ್ರಿ ಅನ್ನೋ ಕೋಡ್ ಮಾತ್ರ, ಅದು ಎ ಆಗ್ಬೇಕಾ ಕನ್ನಡದ ಓಕಾರದ ಗುಣಿತ ಆಗ್ಬೇಕಾ ಅಂತ ತೀರ್ಮಾನ ಮಾಡೋದು ಆಪರೇಟಿಂಗ್ ಸಿಸ್ಟಮ್. ಅಂದ್ರೆ ಯೂನಿಕೋಡ್ (ಎಲ್ಲಾ ಭಾಷೆಗಳ ಅಕ್ಷರಕ್ಕೂ ಕಂಪ್ಯೂಟರ್‌ನಲ್ಲಿ ಒಂದು ಸಂಖ್ಯೆ ಕೊಡೋ ಪದ್ಧತಿ) ಇನ್ನೂ ಬಳಕೆಗೆ ಬರದಿದ್ದ ಕಾಲದ ಈ ಕೀಬೋರ್ಡ್ ಇವತ್ತಿನ ಕನ್ನಡಕ್ಕೂ ಮ್ಯಾಕ್ರೋ ಬರೆಯತ್ತೆ! ಭಾರತೀಯ ಭಾಷೆಗಳಿಗೆ ಅಂತ ಇರೋ ಇನ್‌ಸ್ಕ್ರಿಪ್ಟ್ ಅನ್ನೋ ಲೇಔಟ್‌ನಲ್ಲಿ ವಿ, ಡಿ, ವಿ, ಜಿ ಅಂತ ನಾಲ್ಕು ಕೀ ಒತ್ತಿದ್ರೆ ‘ನ್ನು’ ಬರತ್ತೆ, ಅದನ್ನ ಒಂದು ಎಫ್ ಕೀಗೆ ಹಾಕಿ ನೋಡಿ, ಅದನ್ನು ಇದನ್ನು ಅವರನ್ನು ಅಂತ ದಿನಕ್ಕೆ ಎಷ್ಟು ಸಲ ಬೇಕಾಗತ್ತೆ ಅಂತ ಆಗ ಗೊತ್ತಾಗತ್ತೆ. ಇಂಗ್ಲಿಷ್ ಲೇಔಟ್‌ಗೆ ಬಂದಾಗ ಅದೇ ಕೀ ವಿಡಿವಿಜಿ ಅಂತ ನಾಲ್ಕು ಇಂಗ್ಲಿಷ್ ಅಕ್ಷರ ಹಾಕತ್ತೆ, ಗಾಬರಿ ಬೇಡ. ಸ್ವಲ್ಪ ಹೊತ್ತು ಮ್ಯಾಕ್ರೋ ಬೇಡ ಅನ್ಸಿದ್ರೆ ಸಸ್ಪೆಂಡ್ ಮ್ಯಾಕ್ರೋ ಒಂದನ್ನೇ ಒತ್ತಿ, ಅದು ಅಳಿಸಲ್ಲ, ತಡೆಹಿಡಿಯತ್ತೆ ಅಷ್ಟೇ.

ಟೈಪ್ ಮಾಡ್ತಾ ಮಾಡ್ತಾ ಲೈಟ್ ಮಿಣುಕ್ತಿದ್ರೆ ಅಥವಾ ಅಕ್ಷರಗಳು ಬರೋದೇ ನಿಂತ್ರೆ ಕೈ ತಪ್ಪಿ ರೀಮ್ಯಾಪೋ ಪ್ರೋಗ್ರಾಮ್ ಮ್ಯಾಕ್ರೋನೋ ಒತ್ತಿದೀರಿ ಅಂತ ಅರ್ಥ, ಅದೇ ಕೀ ಮತ್ತೆ ಒತ್ತಿ ಹೊರಗೆ ಬನ್ನಿ, ಗಾಬರೀಲಿ ಬೇರೆ ಕೀಗಳನ್ನ ಒತ್ತಿದಷ್ಟೂ ಅವೇ ರೆಕಾರ್ಡ್ ಆಗ್ತಾ ಹೋಗತ್ತೆ. ಕೀಬೋರ್ಡ್ ಒರೆಸುವಾಗಲೂ ಇದೇ ಆಗೋದು, ಹಾಗಾಗಿ ಒರೆಸೋ ಮುಂಚೆ ವೈರ್ ತೆಗೀರಿ. ವಿಂಡೋಸ್ ಕೀ ಇದ್ರಲ್ಲಿಲ್ಲ, ವಿಂಡೋಸ್ 95ಗಿಂತ ಹಿಂದಿನ ವಿನ್ಯಾಸ ಇದು, ಸ್ಟಾರ್ಟ್ ಮೆನುಗೆ ಕಂಟ್ರೋಲ್ ಹಿಡಿದು ಎಸ್ಕೇಪ್ ಒತ್ತಿದ್ರೆ ಆಯ್ತು.

ಕೊನೇದಾಗಿ, ಏನೇನು ಬದಲಾಯಿಸಿದ್ರಿ ಅಂತ ಒಂದು ಚೀಟೀಲಿ ಬರೆದು ಕೀಬೋರ್ಡ್ ಅಡಿಗೆ ಅಂಟಿಸಿಡಿ. ಯಾವ ಕೀಲಿ ಏನಿದೆ ಅಂತ ತೋರಿಸೋ ಸ್ಕ್ರೀನ್ ಇದಕ್ಕಿಲ್ಲ, ನಿಮ್ಮಿಂದ ಮುಂದೆ ಯಾರ ಕೈಗೆ ಹೋಗತ್ತೋ ಅವರಿಗೆ ಆ ಚೀಟಿ ಒಂದೇ ಮ್ಯಾನ್ಯುಯಲ್.