‘ಇಂಟರ್ನೆಟ್ ಎಲ್ಲಿದೆ?’ ಅಂತ ಮಗು ಕೇಳಿದರೆ

ನನ್ನ ಎಂಟು ವರ್ಷದ ಮಗಳಿಗೆ ಒಮ್ಮೆ ‘ಅಂತರ್ಜಾಲ’ ಅಂದೆ. ಅವಳು ಬೋರ್‌ವೆಲ್ ಬಗ್ಗೆ ಮಾತಾಡಲು ಶುರು ಮಾಡಿದಳು. ಶಾಲೆಯಲ್ಲಿ ಆ ವಾರ ಅಂತರ್ಜಲದ ಪಾಠ ನಡೆದಿತ್ತು. ಒಂದು ದೀರ್ಘದಲ್ಲಿ ಅರ್ಥವೇ ಬೇರೆ ಆಗುತ್ತದೆ, ಮಕ್ಕಳಿಗೆ ಅದು ಹೇಗೆ ತಿಳಿಯಬೇಕು? ಚಿಕ್ಕವರ ಜೊತೆ ಸುಮ್ನೆ ‘ಇಂಟರ್ನೆಟ್’ ಅನ್ನಿ. ‘ಕ್ಲೌಡ್‌ನಲ್ಲಿದೆ’ ಅಂತ ಮಾತ್ರ ಹೇಳಬೇಡಿ. ಮಗು ಮೋಡದ ಕಡೆ ನೋಡುತ್ತದೆ. ಕೈಗೆ ಸಿಗುವ ವಸ್ತುವಿನಿಂದ ಶುರು ಮಾಡಿ.

ಹಂತ 1: ವೈರಿನ ಬೆನ್ನು ಹತ್ತಿ

ಮನೆಯ ವೈಫೈ ಡಬ್ಬಿ ತೋರಿಸಿ. ಅದರಿಂದ ಹೊರಟ ವೈರನ್ನು ಹಿಡಿದು ಗೋಡೆ, ಕಿಟಕಿ, ಬೀದಿ ಕಂಬದವರೆಗೆ ಮಗುವಿನ ಜೊತೆ ನಡೆಯಿರಿ. ಫೈಬರ್ ಆದರೆ ಒಳಗಿರುವುದು ಕೂದಲಿನಷ್ಟು ಸಣ್ಣ ಗಾಜಿನ ಎಳೆ, ಅದರಲ್ಲಿ ಓಡುವುದು ಬೆಳಕು. ಅದರ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್, ಅಂದರೆ ಕಣ್ಣು ಮಿಟುಕಿಸಿ ತೆಗೆಯುವಷ್ಟರಲ್ಲಿ ಬೆಂಗಳೂರಿಂದ ದೆಹಲಿ ದಾಟಿರುತ್ತದೆ. ಆ ವೈರನ್ನು ಕಿತ್ತು ತುದಿಗೆ ಕಣ್ಣಿಟ್ಟು ನೋಡಲು ಬಿಡಬೇಡಿ. ಬೆಳಕು ಕಾಣಿಸದಿದ್ದರೂ ಕಣ್ಣಿಗೆ ಪೆಟ್ಟಾಗಬಹುದು.

ಮೊಬೈಲ್ ಡೇಟಾ ಮಾತ್ರ ಇರುವ ಮನೆಯಲ್ಲಿ ಹತ್ತಿರದ ಟವರ್ ತೋರಿಸಿದರೆ ಸಾಕು.

ಹಂತ 2: ಚಿತ್ರ ಹರಿದು ಕಳಿಸಿ

ಇಡೀ ವಿವರಣೆಯ ಜೀವಾಳ ಈ ಆಟ. ಇದಕ್ಕೆ ಅರ್ಧ ಗಂಟೆ ಕೊಡಿ, ಮನೆಯವರನ್ನೆಲ್ಲ ಸೇರಿಸಿಕೊಳ್ಳಿ.

ಮಗು ಒಂದೇ ಚಿತ್ರವನ್ನು ಎರಡು ಹಾಳೆಯಲ್ಲಿ ಬರೆಯಲಿ. ಒಂದನ್ನು ಇಟ್ಟುಕೊಳ್ಳಿ. ಇನ್ನೊಂದನ್ನು ಆರು ಚೂರು ಮಾಡಿ. ಪ್ರತಿ ಚೂರಿನ ಹಿಂದೆ 1ರಿಂದ 6ರವರೆಗೆ ಸಂಖ್ಯೆ ಹಾಕಿ, ಯಾರಿಂದ, ಯಾರಿಗೆ ಅಂತ ಬರೆಯಿರಿ. ಚಿತ್ರ ಸೇರಬೇಕಾದ್ದು ಅಡುಗೆಮನೆಯಲ್ಲಿರುವ ಅಜ್ಜಿಗೆ. ನಡುಮನೆಯಲ್ಲಿ ಅಪ್ಪ, ಜಗಲಿಯಲ್ಲಿ ಅಕ್ಕ ನಿಲ್ಲಲಿ. ಚೂರು ಕೈಗೆ ಬಂದಾಗ ವಿಳಾಸ ನೋಡಿ ಮುಂದಕ್ಕೆ ದಾಟಿಸುವುದಷ್ಟೇ ಅವರ ಕೆಲಸ. ಈ ಕೆಲಸ ಮಾಡುವ ಯಂತ್ರದ ಹೆಸರು ರೂಟರ್.

ಈಗ ನಡುಮನೆಯ ಬಾಗಿಲು ಮುಚ್ಚಿ. ಉಳಿದ ಚೂರುಗಳು ಜಗಲಿ ಸುತ್ತಿ ಹೋಗಲಿ. ಯಾರೂ ನೋಡದಂತೆ 3ನೇ ಚೂರನ್ನು ಜೇಬಿಗೆ ಹಾಕಿಕೊಳ್ಳಿ. ಅಜ್ಜಿ ಜೋಡಿಸುತ್ತಾ ‘3 ಬಂದಿಲ್ಲ, ಇನ್ನೊಮ್ಮೆ ಕಳಿಸು ಪುಟ್ಟಾ’ ಅಂತ ಕೂಗಲಿ. ಮಗು ಎರಡನೇ ಹಾಳೆಯಿಂದ ಆ ತುಂಡನ್ನು ಕತ್ತರಿಸಿ ಕಳಿಸುತ್ತದೆ. ನಿಜವಾದ ಇಂಟರ್ನೆಟ್ಟಿನಲ್ಲೂ ಹೀಗೇ ನಡೆಯುತ್ತದೆ. ಆ ಚೂರುಗಳಿಗೆ ಪ್ಯಾಕೆಟ್ ಅನ್ನುತ್ತಾರೆ.

ವಿಳಾಸದ ಬಗ್ಗೆ ಕೇಳಿದರೆ ಪಿನ್‌ಕೋಡ್ ನೆನಪಿಸಿ. 560001 ಅಂದರೆ ಕಾಗದ ಬೆಂಗಳೂರು ಜಿಪಿಒಗೆ ಹೋಗುತ್ತದೆ ಅಲ್ವಾ? ಇಂಟರ್ನೆಟ್ಟಿಗೆ ಸೇರಿದ ಕಂಪ್ಯೂಟರಿಗೂ ಅಂಥದ್ದೊಂದು ನಂಬರ್ ಇರುತ್ತದೆ.

ಹಂತ 3: ಭೂಪಟ ಹರಡಿ

ಮುಂಬೈ, ಚೆನ್ನೈ ಮೇಲೆ ಬೆರಳಿಡಿ. ಸಮುದ್ರದ ತಳದಿಂದ ಬರುವ ಕೇಬಲ್ಲುಗಳು ಅಲ್ಲಿ ದಡ ಹತ್ತುತ್ತವೆ. ಆಳ ಸಮುದ್ರದಲ್ಲಿ ಅವು ಕೈತೋಟಕ್ಕೆ ನೀರು ಹಾಯಿಸುವ ಪೈಪಿನಷ್ಟೇ ದಪ್ಪ. 2008ರ ಜನವರಿ ಕೊನೆಗೆ ಈಜಿಪ್ಟಿನ ಅಲೆಕ್ಸಾಂಡ್ರಿಯ ಹತ್ತಿರ ಕೇಬಲ್ ತುಂಡಾದಾಗ ಭಾರತದಲ್ಲೂ ಇಂಟರ್ನೆಟ್ ನಿಧಾನವಾಗಿತ್ತು.

ಇಲ್ಲಿ ಒಂದು ಕತೆ ಹೇಳಿ. 1969ರ ಅಕ್ಟೋಬರ್ 29ರಂದು ಅಮೆರಿಕದ ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದ ಕಂಪ್ಯೂಟರಿನಿಂದ ದೂರದ ಇನ್ನೊಂದಕ್ಕೆ ‘ಲಾಗಿನ್’ ಅಂತ ಕಳಿಸಲು ಹೊರಟರು. ಇಂಗ್ಲಿಷಿನ ‘ಎಲ್’, ‘ಒ’ ಎರಡೇ ಅಕ್ಷರ ಹೋದವು. ಅಷ್ಟರಲ್ಲಿ ಆ ಕಡೆಯ ಯಂತ್ರ ಕೆಟ್ಟು ನಿಂತಿತು! ದೊಡ್ಡವರ ಮೊದಲ ಪ್ರಯತ್ನವೂ ಅರ್ಧಕ್ಕೆ ನಿಂತಿತ್ತು ಅಂತ ಗೊತ್ತಾದರೆ ಮಕ್ಕಳಿಗೆ ತುಂಬ ಖುಷಿ.

ಹಂತ 4: ಚಿತ್ರ ವಾಪಸ್ ಕೇಳಿ

ಅಜ್ಜಿ ಜೋಡಿಸಿದ ಚಿತ್ರವನ್ನು ನೋಡಿ ಅಕ್ಕ, ಅಪ್ಪ ಒಂದೊಂದು ನಕಲು ಬರೆದುಕೊಳ್ಳಲಿ. ಆಮೇಲೆ ಮಗು ತನ್ನ ಚಿತ್ರ ವಾಪಸ್ ಕೇಳಲಿ. ಅಜ್ಜಿ ಕೊಡುತ್ತಾರೆ. ಅಕ್ಕ, ಅಪ್ಪನ ಹತ್ತಿರ ನಕಲು ಹಾಗೇ ಇದೆ. ಫೋಟೊ ಕಳಿಸಿದರೂ ಹೀಗೇ ಆಗುತ್ತದೆ ಅಂತ ಇಷ್ಟೇ ಹೇಳಿ. ಹೆದರಿಸುವುದು ಬೇಡ, ಉಪದೇಶವೂ ಬೇಡ.

ನಮ್ಮ ಮನೆಯಲ್ಲಿ ಈ ಆಟ ಆದ ಮೇಲೆ, ನಾನು ಫೋಟೊ ತೆಗೆಯಲು ಫೋನ್ ಎತ್ತಿದರೆ ಮಗಳು ‘ಯಾರಿಗೆ ಕಳಿಸ್ತೀಯಮ್ಮಾ?’ ಅಂತ ಕೇಳುತ್ತಾಳೆ. ಹೆಸರು ಹೇಳಿದ ಮೇಲೆಯೇ ನಗುತ್ತಾಳೆ.