ಪೆನ್ಸಿಲ್ ಹಿಡಿದು ಭಾಮಿನಿ ಷಟ್ಪದಿ ಓದುವುದು ಹೇಗೆ?

ಛಂದಸ್ಸು, ಅಂದರೆ ಪದ್ಯದ ಲಯದ ಲೆಕ್ಕ, ಅಂದ ಕೂಡಲೇ ಹಲವರಿಗೆ ನೆನಪಾಗುವುದು ಪರೀಕ್ಷೆಯಲ್ಲಿ ಅಕ್ಷರಗಳ ಮೇಲೆ ಗುರುತು ಹಾಕಿ, ಅಂದರೆ ಪ್ರಸ್ತಾರ ಹಾಕಿ, ಗಿಟ್ಟಿಸಿದ ಮಾರ್ಕು. ಪರೀಕ್ಷೆಯ ಭಯ ಈಗಿಲ್ಲವಲ್ಲ, ಒಂದೇ ಒಂದು ಪದ್ಯ ಇಟ್ಟುಕೊಂಡು ಸುಮ್ನೆ ಕೂತು ನೋಡೋಣ. ಆರು ಸಾಲಿನ ಪದ್ಯವೇ ಷಟ್ಪದಿ, ಅದರಲ್ಲೊಂದು ಬಗೆ ಭಾಮಿನಿ. ಅದರಲ್ಲೇ ಬರೆದ ಕುಮಾರವ್ಯಾಸ ಭಾರತದ ಮೊದಲ ಪದ್ಯವೇ ಇರಲಿ:

ಶ್ರೀವನಿತೆಯರಸನೆ ವಿಮಲ ರಾ
ಜೀವಪೀಠನ ಪಿತನೆ ಜಗಕತಿ
ಪಾವನನೆ ಸನಕಾದಿ ಸಜ್ಜನನಿಕರ ದಾತಾರ
ರಾವಣಾಸುರ ಮಥನ ಶ್ರವಣ ಸು
ಧಾ ವಿನೂತನ ಕಥನ ಕಾರಣ
ಕಾವುದಾನತ ಜನವ ಗದುಗಿನ ವೀರನಾರಯಣ

ಮೊದಲು ಜೋರಾಗಿ ಓದಿ. ಅರ್ಥ ಆಮೇಲೆ. ‘ವಿಮಲ ರಾ’ ಎಂಬಲ್ಲಿ ತಡವರಿಸುತ್ತೀರಿ, ಅಲ್ವಾ? ಪದ ಅಲ್ಲಿಗೆ ಮುಗಿದಿಲ್ಲ. ‘ರಾಜೀವ’ ಎರಡು ಸಾಲಿಗೆ ಹಂಚಿಹೋಗಿದೆ. ‘ಸುಧಾ’ ಕೂಡ ಹಾಗೇ. ಸಾಲು ಮುರಿಯುವುದು ಅರ್ಥ ನೋಡಿ ಅಲ್ಲ, ಲೆಕ್ಕ ನೋಡಿ. ಕಾವ್ಯವನ್ನು ರಾಗವಾಗಿ ಓದುವ ಗಮಕಿಗಳು ಪದ ಬಿಡಿಸಿಕೊಂಡು ಹಾಡುವುದರಿಂದ ಕೇಳುವವರಿಗೆ ಈ ತೊಡಕು ಗೊತ್ತೇ ಆಗುವುದಿಲ್ಲ.

ಇನ್ನು ಪೆನ್ಸಿಲ್ ತೆಗೆದುಕೊಳ್ಳಿ. ಅಕ್ಷರ ಹೇಳಲು ಹಿಡಿಯುವ ಹೊತ್ತಿನ ಅಳತೆಯೇ ಮಾತ್ರೆ. ಹ್ರಸ್ವಾಕ್ಷರ ಲಘು, ಒಂದು ಮಾತ್ರೆ. ತಲೆಯ ಮೇಲೆ ಬಟ್ಟಲಿನಂಥ ಗುರುತು ಹಾಕಿ. ದೀರ್ಘಾಕ್ಷರ, ಸೊನ್ನೆ ಅಥವಾ ವಿಸರ್ಗ ಇರುವ ಅಕ್ಷರ, ಐ ಮತ್ತು ಔ ಸ್ವರ ಇರುವ ಅಕ್ಷರ, ಒತ್ತಕ್ಷರದ ಹಿಂದಿನ ಅಕ್ಷರ ಇವೆಲ್ಲ ಗುರು. ಎರಡು ಮಾತ್ರೆ, ಅಡ್ಡಗೆರೆ. ಜಾಸ್ತಿ ಜನ ಎಡವುವುದು ಒತ್ತಕ್ಷರದಲ್ಲಿ. ‘ಸಜ್ಜನ’ದಲ್ಲಿ ಗುರು ಆಗುವುದು ‘ಜ್ಜ’ ಅಲ್ಲ, ಅದರ ಹಿಂದಿನ ‘ಸ’. ಬಾಯಿಬಿಟ್ಟು ಹೇಳಿದರೆ ‘ಸಜ್’ ಎಂದು ನಾಲಿಗೆ ತಡೆದು ನಿಲ್ಲುತ್ತದೆ. ಆ ತಡೆಗೇ ಎರಡು ಮಾತ್ರೆ.

ಈಗ ಮೊದಲ ಸಾಲನ್ನು ಮೂರು, ನಾಲ್ಕು, ಮೂರು, ನಾಲ್ಕು ಮಾತ್ರೆಗೆ ಕತ್ತರಿಸಿ:

ಶ್ರೀವ | ನಿತೆಯರ | ಸನೆವಿ | ಮಲರಾ

ಒಟ್ಟು 14. ಭಾಮಿನಿಯ ನಡಿಗೆಯೇ ಇದು. 1, 2, 4, 5ನೇ ಸಾಲು ಹೀಗೇ ಇರುತ್ತವೆ. 3 ಮತ್ತು 6ನೇ ಸಾಲು ಉದ್ದ: ಮೂರು-ನಾಲ್ಕರ ಜೋಡಿ ಮೂರು ಸಲ ಬಂದು ಕೊನೆಗೊಂದು ಗುರು, ಒಟ್ಟು 23. ‘ದಾತಾರ’ದ ಕೊನೆಯ ‘ರ’ ನೋಡಲು ಲಘು. ಆದರೆ ಆ ಜಾಗದಲ್ಲಿ ಎಳೆದು ಹಾಡುವುದರಿಂದ ಗುರು ಎಂದೇ ಹಿಡಿಯಬೇಕು. ಇಡೀ ಪದ್ಯಕ್ಕೆ 102 ಮಾತ್ರೆ.

ನಾಲ್ಕನೇ ಸಾಲಲ್ಲಿ ಲೆಕ್ಕ ತಪ್ಪಿತೇ? ನಿಮ್ಮ ತಪ್ಪಲ್ಲ. ‘ಮಥನ ಶ್ರವಣ’ದಲ್ಲಿ ‘ಶ್ರ’ ಮುಂದಿದೆ, ನಿಯಮದ ಪ್ರಕಾರ ‘ನ’ ಗುರು ಆಗಬೇಕು. ಆದರೆ ಮೂರು ಮಾತ್ರೆಯ ಜಾಗದಲ್ಲಿ ನಾಲ್ಕು ಹಿಡಿಸದು. ಅದಕ್ಕೇ ‘ಶ್ರ’ವನ್ನು ತೇಲಿಸಿ ಓದಬೇಕು, ಆಗ ‘ನ’ ಲಘುವಾಗಿಯೇ ಉಳಿಯುತ್ತದೆ. ಕೊನೆಯ ಸಾಲಿನ ಅಂಕಿತವನ್ನೂ, ಅಂದರೆ ಕವಿ ತನ್ನ ಗುರುತಾಗಿ ಇಡುವ ಹೆಸರನ್ನೂ ನೋಡಿ. ವೀರನಾರಾಯಣ ಇಲ್ಲಿ ‘ವೀರನಾರಯಣ’. ದೇವರ ಹೆಸರಿನಲ್ಲೇ ಒಂದು ದೀರ್ಘ ಕಳಚಿದೆ! ಇದನ್ನು ಅಚ್ಚಿನ ತಪ್ಪೆಂದು ತಿದ್ದುವವರಿದ್ದಾರೆ, ತಿದ್ದಿದರೆ ಒಂದು ಮಾತ್ರೆ ಹೆಚ್ಚಾಗುತ್ತದೆ.

ಪ್ರಾಸವನ್ನು ಸಾಲಿನ ತುದಿಯಲ್ಲಿ ಹುಡುಕಬೇಡಿ. ಪ್ರತಿ ಸಾಲಿನ ಎರಡನೇ ಅಕ್ಷರಕ್ಕೆ ಸುತ್ತು ಹಾಕಿ: ಶ್ರೀವ, ಜೀವ, ಪಾವ, ರಾವ, ಧಾವಿ, ಕಾವು. ಆರೂ ಕಡೆ ‘ವ’ಕಾರ. ಸ್ವರ ಬದಲಾದರೂ ನಡೆಯುತ್ತದೆ, ವ್ಯಂಜನ ಬದಲಾಗಬಾರದು. ಇದೇ ಆದಿಪ್ರಾಸ. ಅದರ ಹಿಂದೆ ಎಲ್ಲ ಕಡೆ ದೀರ್ಘಾಕ್ಷರ ಇರುವುದರಿಂದ ಇದಕ್ಕೆ ಗಜಪ್ರಾಸ ಎಂಬ ಗತ್ತಿನ ಹೆಸರು. ಸಿಂಹ, ವೃಷಭ, ಶರಭ, ಅಜ, ಹಯ ಎಂದು ಇನ್ನೂ ಐದಿವೆ. ಅವನ್ನು ಈಗಲೇ ಉರು ಹೊಡೆಯಬೇಕಿಲ್ಲ. ಸಾವಿರ ವರ್ಷದ ಈ ಕಟ್ಟುಪಾಡನ್ನು ಮಂಜೇಶ್ವರದ ಕವಿ ಗೋವಿಂದ ಪೈ 1911ರಲ್ಲಿ ಬಿಟ್ಟುಕೊಟ್ಟು ಬರೆದರು.

ಅಲಂಕಾರ ಕೊನೆಗೆ ನೋಡಿದರೆ ಸಾಕು, ಅರ್ಥ ಬಿಡಿಸುವಾಗ ಅದು ತಾನಾಗಿ ಸಿಗುತ್ತದೆ. ಶ್ರೀವನಿತೆಯ ಅರಸ ಎಂದರೆ ಲಕ್ಷ್ಮಿಯ ಗಂಡ. ರಾಜೀವಪೀಠ ಎಂದರೆ ತಾವರೆಯ ಮೇಲೆ ಕೂತ ಬ್ರಹ್ಮ, ಅವನ ಅಪ್ಪ ವಿಷ್ಣು. ‘ಶ್ರವಣ ಸುಧಾ’ ಎಂಬಲ್ಲಿ ಮಾತ್ರ ನಿಲ್ಲಿ. ಕಥೆ ಕಿವಿಗೆ ಅಮೃತದಂತೆ ಎಂದಿದ್ದರೆ ಉಪಮೆ ಆಗುತ್ತಿತ್ತು. ಇಲ್ಲಿ ‘ಅಂತೆ’ ಇಲ್ಲ, ಕಥೆಯೇ ಅಮೃತ. ಅದು ರೂಪಕ. ಕುಮಾರವ್ಯಾಸನನ್ನು ‘ರೂಪಕ ಸಾಮ್ರಾಜ್ಯ ಚಕ್ರವರ್ತಿ’ ಎಂದು ಕರೆಯುತ್ತಾರೆ. ಆ ಬಿರುದು ಸ್ವಲ್ಪ ಭಾರವಾಯಿತು ಅನ್ನಿಸಿದರೆ ಯುದ್ಧಪರ್ವಗಳನ್ನು ತೆರೆದು ನೋಡಿ, ಹಾಗನ್ನಿಸುವುದಿಲ್ಲ.

ಭಾಮಿನಿ ಕೈಗೆ ಹತ್ತಿದ ಮೇಲೆ ಲಕ್ಷ್ಮೀಶನ ಜೈಮಿನಿ ಭಾರತ ತೆಗೆದುಕೊಳ್ಳಿ. ಅದು ವಾರ್ಧಕ ಷಟ್ಪದಿ, ಅಲ್ಲಿ ಸಾಲನ್ನು ಕತ್ತರಿಸುವ ತುಂಡು, ಅಂದರೆ ಗಣ, ಐದೈದು ಮಾತ್ರೆಯದು. ಚಿಕ್ಕ ಸಾಲಿಗೆ 20, ಉದ್ದ ಸಾಲಿಗೆ 32 ಬಂದರೆ ನಿಮ್ಮ ಪೆನ್ಸಿಲ್ ಸರಿಯಾಗಿಯೇ ಓಡುತ್ತಿದೆ.