ಮಾಳಗಿ ಮೇಲೆ ಅಂಜಿಕೆ ಹಂಚಿಕೊಂಡದ್ದು

ಬೀದರ್‌ನಲ್ಲಿ ನನ್ನದು ಮೈಕ್ ಸೆಟ್ ಕೆಲಸ. ಮದುವೆ, ಜಾತ್ರೆ, ಉರುಸು, ಗಣಪತಿ, ಎಲ್ಲಿ ಕರೆದರೂ ಬಾಕ್ಸ್, ಮಿಕ್ಸರ್, ವೈರು ಟೆಂಪೊಗೆ ಹಾಕಿಕೊಂಡು ಹೋಗುತ್ತೇನೆ. ಎಷ್ಟೋ ಸಲ ಎಲ್ಲ ಮುಗಿಯುವಾಗ ರಾತ್ರಿ ಎರಡು ಗಂಟೆ. ವಾಪಸ್ ಬರುವಾಗ ಡ್ರೈವರ್‌ಗೆ ನಿದ್ದೆ ಹತ್ತಬಾರದು ಅಂತ ಹುಡುಗರು ದೆವ್ವದ ಕಥೆ ಶುರು ಮಾಡುತ್ತಾರೆ. ಅಂಜಿಕೆಯ ಸಿನಿಮಾ ನೋಡಿ, ಕಥೆ ಹೇಳಿಕೊಳ್ಳುವ ನಮ್ಮ ಗುಂಪು ಹುಟ್ಟಿದ್ದು ಆ ಟೆಂಪೊದಲ್ಲೇ.

ನನಗೆ ಈ ಹುಚ್ಚು ಹತ್ತಿಸಿದವಳು ಅವ್ವ. 1979ರಲ್ಲಿ ಬಂದ ‘ನಾ ನಿನ್ನ ಬಿಡಲಾರೆ’ ಸಿನಿಮಾದ ಕಥೆಯನ್ನು ಅವಳು ರೊಟ್ಟಿ ಬಡಿಯುತ್ತಾ ಹೇಳುತ್ತಿದ್ದಳು. ಹೇಳುತ್ತಾ ಹೇಳುತ್ತಾ ಬಡಿಯುವುದನ್ನು ಒಮ್ಮೆಲೇ ನಿಲ್ಲಿಸಿಬಿಡುತ್ತಿದ್ದಳು. ಆಗ ನನಗೆ ಮೈಯೆಲ್ಲ ಮುಳ್ಳು. ಎಷ್ಟೋ ವರ್ಷದ ಮೇಲೆ ಆ ಸಿನಿಮಾ ನೋಡಿದೆ. ಚೆನ್ನಾಗಿತ್ತು, ಆದರೆ ಅವ್ವ ಹೇಳಿದಾಗ ಆದಷ್ಟು ಅಂಜಿಕೆ ಆಗಲಿಲ್ಲ. 1993ರಲ್ಲಿ ಟಿವಿಯಲ್ಲಿ ಝೀ ಹಾರರ್ ಶೋ ಬರತೊಡಗಿತು. ನಮ್ಮ ಮನೆಯಲ್ಲಿ ಟಿವಿ ಇರಲಿಲ್ಲ. ಪಕ್ಕದ ಮನೆಯಿಂದ ಅದರ ಶುರುವಿನ ಸಂಗೀತ ಕೇಳಿದರೆ ಸಾಕು, ಚಾದರ ತಲೆ ಮೇಲೆ ಎಳೆದುಕೊಳ್ಳುತ್ತಿದ್ದೆ.

2004ರಲ್ಲಿ ‘ಆಪ್ತಮಿತ್ರ’ ಬಂತು. ಸಿನಿಮಾ ಬಿಡುಗಡೆ ಆಗುವ ಮೊದಲೇ, ಅದೇ ವರ್ಷ ಏಪ್ರಿಲ್‌ನಲ್ಲಿ, ಸೌಂದರ್ಯ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದರು. ತೆರೆ ಮೇಲೆ ಅವರು ಕಂಡಾಗಲೆಲ್ಲ ಸಿಳ್ಳೆ ಹೊಡೆಯುವ ಜನ ತೆಪ್ಪಗಾಗುತ್ತಿದ್ದರು. ಮುನ್ನೂರು ಜನ ಒಟ್ಟಿಗೆ ಉಸಿರು ಹಿಡಿದರೆ ಎಂಥ ಸದ್ದು ಇರುತ್ತದೆ ಅಂತ ನಾನು ಕೇಳಿದ್ದು ಅವತ್ತು. ಅದು ಮನೆಯಲ್ಲಿ ಒಬ್ಬನೇ ಮೊಬೈಲ್ ಹಿಡಿದು ಕೂತರೆ ಸಿಗುವುದಿಲ್ಲ. ಅದಕ್ಕೇ ಜನ ಬೇಕು ಅನ್ನಿಸಿತು.

ಮೊದಲು ಐದೇ ಜನ. ನಾನು, ಟೆಂಪೊದ ಹುಡುಗರು ಇಬ್ಬರು, ಬಿದ್ರಿ ಕೆಲಸ ಮಾಡುವ ಒಬ್ಬ ಹುಡುಗ, ನಿವೃತ್ತರಾದ ಒಬ್ಬ ಮರಾಠಿ ಮಾಸ್ತರು. ನಮ್ಮ ಮನೆಯ ಮಾಳಗಿ, ಒಂದು ಬಿಳಿ ಪಂಚೆ, ಬಾಡಿಗೆಗೆ ಕೊಡುವ ಪ್ರೊಜೆಕ್ಟರ್. ಬೀದಿ ದೀಪದ ಬೆಳಕಿಗೆ ಹಳೇ ಫ್ಲೆಕ್ಸ್ ಅಡ್ಡ ಕಟ್ಟಿದೆ. ಅಮಾವಾಸ್ಯೆಗೆ ಸೇರೋಣ ಅಂತ ಹುಡುಗರ ಆಸೆ. ಮನೆಯ ಹಿರಿಯರು ಒಪ್ಪಲಿಲ್ಲ, ನಾನೂ ಹಟ ಮಾಡಲಿಲ್ಲ. ಎರಡನೇ ಶನಿವಾರ ಅಂತ ಮಾಡಿದ ಮೇಲೆ ನೌಕರಿಯವರೂ ಬರತೊಡಗಿದರು. ಈಗ ಹದಿನೈದು ಇಪ್ಪತ್ತು ಜನ ಸೇರುತ್ತೇವೆ. ಚಹಾ, ಮಿರ್ಚಿ ಭಜಿ ನಮ್ಮ ಮನೆಯದು. ಚಿಕ್ಕ ಮಕ್ಕಳನ್ನು ಕೂರಿಸಿಕೊಳ್ಳುವುದಿಲ್ಲ. ಮೆಟ್ಟಿಲ ಹತ್ತಿರದ ಜಾಗ ಯಾವಾಗಲೂ ಹೊಸಬರಿಗೆ. ಸಾಕು ಅನ್ನಿಸಿದರೆ ಯಾರನ್ನೂ ಕೇಳದೆ ಎದ್ದು ಕೆಳಗೆ ಹೋಗಬಹುದು. ಮುಗಿದ ಮೇಲೆ ಹೆಣ್ಣುಮಕ್ಕಳನ್ನು ಮನೆತನಕ ಬಿಟ್ಟು ಬರುವುದು ಟೆಂಪೊದ ಕೆಲಸ.

ಬೀದರ್‌ನಲ್ಲಿ ಒಂದು ಕಟ್ಟೆ ಮೇಲೆ ನಾಲ್ಕು ಭಾಷೆ ಕೂತಿರುತ್ತವೆ ಅಲ್ವಾ, ನಮ್ಮ ಮಾಳಗಿ ಮೇಲೂ ಹಾಗೇ. ‘ತುಂಬಾಡ್’ ನೋಡಿದ ದಿನ ಮಾಸ್ತರು, ಇದರ ಬೀಜ ನಾರಾಯಣ ಧಾರಪ್ ಅವರ ಮರಾಠಿ ಕಥೆಯಲ್ಲಿದೆ ಅಂತ ಎದ್ದು ನಿಂತು ಹೇಳಿದರು. ಮುಂದಿನ ಸಲ ಧಾರಪ್ ಅವರ ಪುಸ್ತಕ ತಂದು, ಒಂದು ಸಾಲು ಮರಾಠಿಯಲ್ಲಿ ಓದಿ, ಮರು ಸಾಲಿಗೆ ಕನ್ನಡದಲ್ಲಿ ಹೇಳುತ್ತಾ ಹೋದರು. ಯಂಡಮೂರಿ ವೀರೇಂದ್ರನಾಥ್ ಅವರ ‘ತುಳಸಿದಳ’ವನ್ನು ನಮ್ಮಲ್ಲಿ ಮೂರು ಜನ ತೆಲುಗಿನಲ್ಲಿ ಓದಿದ್ದಾರೆ, ನಾಲ್ಕು ಜನ ಕನ್ನಡದಲ್ಲಿ. ಒಂದು ಪುಟ್ಟ ಹುಡುಗಿಯ ಮೇಲೆ ಮಾಟ ಮಾಡಿಸುವ ಆ ಕಥೆಯ ಬಗ್ಗೆ ಇಡೀ ರಾತ್ರಿ ಜಗಳ ನಡೆದಿದೆ. ಬಿದ್ರಿ ಹುಡುಗ ಅವರ ನಾನಿಯಿಂದ ಕೇಳಿದ ಜಿನ್ನುಗಳ ಕಥೆಯನ್ನು ದಖ್ಖನಿಯಲ್ಲಿ ಹೇಳುತ್ತಾನೆ. ಅವನು ಹೇಳುವಾಗ ಯಾರೂ ಅರ್ಥ ಕೇಳುವುದಿಲ್ಲ.

ಇನ್ನು ಸದ್ದಿನ ವಿಷಯ. ಇದು ನನ್ನ ಕಸುಬು, ಆದರೂ ಮೊದಲಿಗೆ ತಪ್ಪಿದೆ. ಮದುವೆಯ ದೊಡ್ಡ ಬಾಕ್ಸ್ ತಂದು ಎದುರಿಗೆ ನಿಲ್ಲಿಸಿ ಜೋರಾಗಿ ಹಾಕಿದೆ. ಜನ ಕಿರುಚಿದರು, ನಕ್ಕರು, ಮನೆಗೆ ಹೋಗಿ ಮಲಗಿದರು. ಬೆಚ್ಚಿ ಬೀಳುವುದೇ ಬೇರೆ, ಅಂಜುವುದೇ ಬೇರೆ. ಆಮೇಲೆ ಎರಡೇ ಸಣ್ಣ ಬಾಕ್ಸ್ ಇಟ್ಟೆ, ಅದೂ ಜನರ ಬೆನ್ನ ಹಿಂದೆ. ಸದ್ದು ಎಷ್ಟು ಕಡಿಮೆ ಅಂದರೆ, ಕೇಳಬೇಕು ಅಂದರೆ ಮುಂದಕ್ಕೆ ಬಾಗಬೇಕು. ಬಾಗಿ ಕೂತ ಮನುಷ್ಯ ಅರ್ಧ ನಮ್ಮ ಕೈಗೆ ಸಿಕ್ಕ ಹಾಗೆ.

ಇನ್ನೊಂದು ಹೇಳಬೇಕು. ಅರ್ಥಿಂಗ್ ಸರಿ ಇಲ್ಲದಿದ್ದರೆ ಬಾಕ್ಸ್‌ನಿಂದ ‘ಹುಂ’ ಅಂತ ಒಂದು ಸದ್ದು ಬರುತ್ತದೆ. ನಮ್ಮ ಕರೆಂಟು 50 ಹರ್ಟ್ಜ್‌ನದು, ಅದೇ ಹೀಗೆ ಗುಂಯ್‌ಗುಡುವುದು. ಮೈಕ್ ಸೆಟ್‌ನವರಿಗೆ ಇದು ಜನ್ಮದ ವೈರಿ. ಇಪ್ಪತ್ತು ವರ್ಷ ಅದನ್ನು ಕಳೆಯುವುದಕ್ಕೇ ಒದ್ದಾಡಿದ್ದೇನೆ. ಒಂದು ರಾತ್ರಿ ಅದೇ ಸದ್ದನ್ನು ಬೇಕಂತಲೇ ಬಿಟ್ಟೆ. ಮೊದಲು ಕೇಳಿಸದಷ್ಟು. ಹತ್ತು ನಿಮಿಷದಲ್ಲಿ ಕೂದಲೆಳೆಯಷ್ಟು, ಮತ್ತೆ ಕೂದಲೆಳೆಯಷ್ಟು ಏರಿಸಿದೆ. ಯಾರಿಗೂ ಅದು ಗೊತ್ತಾಗಲಿಲ್ಲ. ಆದರೆ ಮಾತು ಕಡಿಮೆ ಆಯಿತು, ಭಜಿ ತಿನ್ನುವ ಕೈ ನಿಂತಿತು. ಆಮೇಲೆ ಒಮ್ಮೆಲೇ ತೆಗೆದೆ. ಆ ಕ್ಷಣ ಇಬ್ಬರು ಹಿಂದೆ ತಿರುಗಿ ನೋಡಿದರು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸುತ್ತಿದ್ದಳಲ್ಲ, ಅದೇ ಇದು.

1960ರ ‘ಸೈಕೋ’ ಸಿನಿಮಾದ ಸ್ನಾನದ ಮನೆಯ ದೃಶ್ಯಕ್ಕೆ ಹಿಚ್‌ಕಾಕ್ ಮೊದಲು ಸಂಗೀತವೇ ಬೇಡ ಅಂದಿದ್ದರು. ಬರ್ನಾರ್ಡ್ ಹರ್ಮನ್ ಬರೀ ತಂತಿ ವಾದ್ಯ ಇಟ್ಟುಕೊಂಡು ಮಾಡಿ ಕೇಳಿಸಿದ ಮೇಲೆ ಒಪ್ಪಿದರು. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ಆದರೂ ನಮ್ಮ ಮಾಳಗಿ ಮೇಲೆ ಆ ದೃಶ್ಯವನ್ನು ಒಮ್ಮೆ ಸದ್ದಿಲ್ಲದೆ ತೋರಿಸಿದ್ದೇನೆ, ಅದು ಹೇಗಿರುತ್ತದೆ ಅಂತ ನೋಡಲಿಕ್ಕೆ.

ಈಗ ನನ್ನ ಕೈಯಿಂದಾದ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಸಿನಿಮಾ ಮುಗಿದ ಮೇಲೆ ಅರ್ಧ ಗಂಟೆ ಕಥೆ ಹೇಳುವ ಪದ್ಧತಿ ನಮ್ಮಲ್ಲಿ. ಒಂದು ಮೈಕ್ ಕೈಗೆ ಕೊಡುತ್ತೇನೆ, ಮಿಕ್ಸರ್‌ನಲ್ಲಿ ಸ್ವಲ್ಪ ಎಕೋ ಹಾಕುತ್ತೇನೆ. ಒಂದು ಸಲ ಟೆಂಪೊದ ಹುಡುಗ ‘ಇದು ಖರೇ ನಡೆದದ್ದು’ ಅಂತ ಶುರು ಮಾಡಿದ. ಭಾನಾಮತಿ ಅನ್ನುವ ಮಾಟದ ಕಥೆ. ನಮ್ಮ ಕಡೆಯವರಿಗೆ ಅದೇನು ಅಂತ ಬಿಡಿಸಿ ಹೇಳಬೇಕಾಗಿಲ್ಲ. ರಾತ್ರಿ ಮನೆ ಮೇಲೆ ಕಲ್ಲು ಬೀಳುವುದು, ಗಂಟಿನಲ್ಲಿಟ್ಟ ಬಟ್ಟೆಗೆ ಬೆಂಕಿ ಹತ್ತುವುದು, ಇದ್ದಕ್ಕಿದ್ದ ಹಾಗೆ ಮಾತು ಕಟ್ಟುವುದು. ಹುಡುಗ ಊರಿನ ಹೆಸರು ಹೇಳಿದ. ಮಾಡಿಸಿದವಳು ಅಂತ ಒಬ್ಬ ವಿಧವೆಯ ಹೆಸರನ್ನೂ ಹೇಳಿದ. ಚೆನ್ನಾಗಿ ಹೇಳಿದ ಅನ್ನುವುದು ಸುಳ್ಳಲ್ಲ. ಯಾರೂ ಅಲುಗಾಡಲಿಲ್ಲ. ನಾನು ಎಕೋ ಇನ್ನಷ್ಟು ಏರಿಸಿದೆ.

ನಮ್ಮಲ್ಲಿ ಒಬ್ಬರು ನರ್ಸ್ ಇದ್ದಾರೆ. ಎಲ್ಲರೂ ಅವರನ್ನು ಅಕ್ಕ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಮರು ತಿಂಗಳು ಅವರು ಬರಲಿಲ್ಲ. ಅದರ ಮುಂದಿನ ತಿಂಗಳೂ ಇಲ್ಲ. ಡ್ಯೂಟಿ ಇರಬೇಕು ಅಂದುಕೊಂಡೆ. ಮೂರನೇ ತಿಂಗಳು ನನ್ನ ಹೆಂಡತಿಯನ್ನು ಕರೆದುಕೊಂಡು ಅವರ ಮನೆಗೆ ಹೋದೆ. ಅಕ್ಕ ಚಹಾ ಕೊಟ್ಟರು. ಬಹಳ ಹೊತ್ತಿನ ಮೇಲೆ ಹೇಳಿದರು. ಅವರ ಸ್ವಂತ ಚಿಕ್ಕವ್ವನಿಗೆ ಊರಲ್ಲಿ ಇದೇ ಹೆಸರು ಕಟ್ಟಿದ್ದರಂತೆ. ಹೊಲದ ಕೆಲಸಕ್ಕೆ ಕರೆಯುವುದು ಬಿಟ್ಟರು. ಬಾವಿಗೆ ಹೋದರೆ ಬಿಂದಿಗೆ ಎತ್ತಿಕೊಂಡು ದೂರ ಸರಿದರು. ಕೊನೆಗೆ ಆಕೆ ಊರೇ ಬಿಟ್ಟಳು.

‘ಹುಡುಗ ಹೇಳಿದ್ದು ಇರಲಿ ಅಣ್ಣ. ನೀವು ಎಕೋ ಹಾಕಿದ್ರಲ್ಲ, ನನಗ ಅದೇ ಭಾಳ ಸಂಕಟ ಆಯ್ತು.’

ನನ್ನ ಬಾಯಿಂದ ಮಾತು ಹೊರಡಲಿಲ್ಲ.

ರಾಜ್ಯದಲ್ಲಿ ವಾಮಾಚಾರದ ವಿರುದ್ಧ 2017ರಲ್ಲಿ ಕಾನೂನು ಆಯಿತು, 2020ರಿಂದ ಜಾರಿಯಲ್ಲಿದೆ. ಆದರೆ ಒಂದು ಮಾಳಗಿ ಮೇಲೆ ಕತ್ತಲಲ್ಲಿ ಏನು ಹೇಳಬೇಕು, ಏನು ಬೇಡ ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು. ಮುಂದಿನ ಸಲ ಸಿನಿಮಾ ಹಾಕದೆ ಬರೀ ಇದನ್ನೇ ಮಾತಾಡಿದೆವು. ಭಾನಾಮತಿ ಕಥೆಯೇ ಬೇಡ ಅಂದರು ಕೆಲವರು. ಮಾಸ್ತರು ಒಪ್ಪಲಿಲ್ಲ. ನಮ್ಮ ನೆಲದ ಅಂಜಿಕೆಯನ್ನು ನಾವೇ ಹೇಳದಿದ್ದರೆ ಬೇರೆಯವರ ದೆವ್ವ ಸಾಲ ತಂದುಕೊಳ್ಳಬೇಕಾಗುತ್ತದೆ ಅಂದರು. ಕೊನೆಗೆ ಒಂದು ಕಟ್ಟು ಮಾಡಿಕೊಂಡೆವು. ಇರುವ ಊರು, ಇರುವ ಮನೆ, ಇರುವ ಹೆಂಗಸಿನ ಹೆಸರು ಬರಬಾರದು. ‘ಖರೇ ನಡೆದದ್ದು’ ಅಂತ ಹೇಳಬಾರದು. ಟೆಂಪೊದ ಹುಡುಗನಿಗೆ ಇದು ಹಿಡಿಸಲಿಲ್ಲ. ‘ಖರೇ ಅಂದ್ರೇನೇ ಅಂಜಿಕಿ ಬರ್ತದ ಅಣ್ಣ’ ಅಂದ. ಅವನ ಮಾತಿನಲ್ಲಿ ಹುರುಳಿಲ್ಲ ಅನ್ನುವುದಕ್ಕೆ ನನಗೆ ಆಗಲಿಲ್ಲ.

ಒಂದು ಭಾನುವಾರ ಹಗಲು ಹೊತ್ತಿನಲ್ಲಿ ಎಲ್ಲರನ್ನೂ ಅಷ್ಟೂರಿಗೆ ಕರೆದುಕೊಂಡು ಹೋದೆ. ಊರಿಂದ ಮೂರು ಕಿಲೋಮೀಟರ್ ಅಷ್ಟೇ. ಬಹಮನಿ ಸುಲ್ತಾನರ ಗೋರಿಗಳು ಸಾಲಾಗಿ ನಿಂತಿವೆ. ಅದರಲ್ಲಿ ಹುಮಾಯೂನ್ ಶಾಹನ ಗುಮ್ಮಟ ಅರ್ಧ ಸೀಳಿ ಬಿದ್ದಿದೆ, ಒಳಗಿನ ಗೋಡೆ ಬಯಲಿಗೆ ಕಾಣುತ್ತದೆ. 1458ರಿಂದ 1461ರವರೆಗೆ ಆಳಿದವನು. ಜಾಲಿಮ್ ಅಂತಲೇ ಅವನ ಹೆಸರು ಉಳಿದಿದೆ. ಅವನ ಕ್ರೌರ್ಯಕ್ಕೆ ಸಿಡಿಲು ಬಂದು ಗೋರಿಯನ್ನೇ ಸೀಳಿತು ಅಂತ ನಮ್ಮ ಜನ ಹೇಳುತ್ತಾರೆ. ಅದರ ಅಡಿಗೆ ಕೂತು ಹುಡುಗನಿಗೆ ಹೇಳಿದೆ: ಇದನ್ನೂ ಜನರೇ ಕಟ್ಟಿದ್ದು, ಇದನ್ನು ಕೇಳಿದರೂ ಮೈ ಜುಮ್ಮೆನ್ನುತ್ತದೆ. ಆದರೆ ಇಲ್ಲಿ ಸಿಡಿಲು ಬಿದ್ದಿರುವುದು ಸುಲ್ತಾನನ ತಲೆ ಮೇಲೆ. ನಿನ್ನ ಕಥೆಯಲ್ಲಿ ಕೂಲಿ ಮಾಡುವ ಹೆಂಗಸಿನ ತಲೆ ಮೇಲೆ. ಅವನು ಏನೂ ಅನ್ನಲಿಲ್ಲ. ಬಹಳ ಹೊತ್ತು ಆ ಬಿರುಕನ್ನೇ ನೋಡುತ್ತಿದ್ದ.

ಆ ತಿಂಗಳು 1922ರ ಮೂಕಿ ಸಿನಿಮಾ ‘ನಾಸ್ಫೆರಾಟು’ ಹಾಕಿದೆವು. ಡ್ರಾಕುಲಾ ಕಾದಂಬರಿಯನ್ನು ಕೇಳದೆ ಬಳಸಿಕೊಂಡರು ಅಂತ ಲೇಖಕನ ಹೆಂಡತಿ ಕೋರ್ಟಿಗೆ ಹೋಗಿ, ಪ್ರತಿಗಳನ್ನೆಲ್ಲ ನಾಶ ಮಾಡಲು ಆದೇಶವಾಗಿತ್ತು. ಹೇಗೋ ಕೆಲವು ಉಳಿದವು. ಬಿಸಿಲು ಬಿದ್ದರೆ ರಕ್ತಪಿಶಾಚಿ ಸಾಯುತ್ತದೆ ಅನ್ನುವುದು ಈ ಸಿನಿಮಾದಿಂದ ಬಂದದ್ದು. ಮೂಲ ಕಾದಂಬರಿಯಲ್ಲಿ ಡ್ರಾಕುಲಾ ಹಗಲಲ್ಲೂ ಓಡಾಡುತ್ತಾನೆ. ಮೂಕಿ ಚಿತ್ರ ಅಂದರೆ ನಾಲ್ಕು ಭಾಷೆಯ ಜಗಳವಿಲ್ಲ. ಸದ್ದೆಲ್ಲ ನಮ್ಮದೇ. ಬಿದ್ರಿ ಹುಡುಗ ಉಳಿ ಸುತ್ತಿಗೆ ತಂದಿದ್ದ, ಮಾಸ್ತರ ಕೈಗೆ ತಗಡು, ನನ್ನ ಹತ್ತಿರ ಆ ‘ಹುಂ’. ನಡುನಡುವೆ ಬರುವ ಅಕ್ಷರದ ಕಾರ್ಡುಗಳನ್ನು ಕನ್ನಡದಲ್ಲಿ ಓದಿ ಹೇಳಲು ಯಾರಾದರೂ ಬೇಕಿತ್ತು. ಅಕ್ಕನನ್ನು ಕೇಳಿದೆ. ಅವರು ಬಂದರು.

ಆ ಸಿನಿಮಾದಲ್ಲಿ ಊರಿಗೆ ಇಲಿ ಬಂದು ಪ್ಲೇಗ್ ಹಬ್ಬುತ್ತದೆ. ಅಂಜಿದ ಊರಿಗೆ ಬಲಿಗೆ ಒಬ್ಬ ಬೇಕು, ಅದು ನಾಕ್ ಅನ್ನುವವನನ್ನು ಆರಿಸಿಕೊಂಡಿತು ಅನ್ನುವ ಅರ್ಥದ ಕಾರ್ಡ್ ಬರುತ್ತದೆ. ನಾಕ್ ಒಳ್ಳೆಯವನೇನಲ್ಲ, ಪಿಶಾಚಿಯ ಚಾಕರ. ಆದರೆ ಪಿಶಾಚಿ ಅವನಲ್ಲ. ಊರಿಗೆ ಊರೇ ಅವನ ಹಿಂದೆ ಓಡುತ್ತದೆ. ಅಕ್ಕ ಆ ಕಾರ್ಡ್ ಓದಿದರು. ಓದಿ ಸ್ವಲ್ಪ ನಿಂತರು. ನಾನು ಎಲ್ಲ ಸದ್ದು ತೆಗೆದೆ. ಜನ ಓಡುವ ಆ ದೃಶ್ಯ ಪೂರ್ತಿ ಸುಮ್ನೆ ನಡೆಯಿತು.

ಎರಡು ತಿಂಗಳ ಮೇಲೆ ಅಕ್ಕ ಕಥೆ ಹೇಳುತ್ತೇನೆ ಅಂದರು. ಮೈಕ್ ಬೇಡ ಅಂದರು. ನಾನು ಮಿಕ್ಸರ್ ಬಂದ್ ಮಾಡಿ ಎಲ್ಲರ ಜೊತೆ ಚಾಪೆ ಮೇಲೆ ಕೂತೆ.

ಹೆಸರಿಲ್ಲದ ಒಂದು ಊರು. ಒಬ್ಬಳೇ ಇರುವ ಹೆಂಗಸು. ರಾತ್ರಿ ಅವಳ ಮಾಳಗಿ ಮೇಲೆ ಕಲ್ಲು ಬೀಳುತ್ತವೆ. ಬೇರೆಯವರ ಮನೆ ಮೇಲೆ ಕಲ್ಲು ಬೀಳಿಸುತ್ತಾಳೆ ಅಂತ ಹೆಸರು ಪಡೆದವಳ ಮನೆ ಮೇಲೇ! ಅವಳು ಕತ್ತಲಲ್ಲಿ ಕೂತು ಎಣಿಸುತ್ತಾಳೆ. ಬೆಳಿಗ್ಗೆ ಎಲ್ಲ ಆರಿಸಿ ಅಂಗಳದಲ್ಲಿ ಸಾಲಾಗಿ ಇಡುತ್ತಾಳೆ. ಕಪ್ಪು ಕಲ್ಲು ಕೆಳಗಿನ ಹೊಲದ್ದು. ಕೆಂಪು ಕಲ್ಲು ದಿಬ್ಬದ ಕಡೆಯದ್ದು. ಹುಟ್ಟಿದಾಗಿನಿಂದ ಅದೇ ಮಣ್ಣಲ್ಲಿ ಕಳೆ ಕಿತ್ತವಳಿಗೆ ಯಾವ ಕಲ್ಲು ಯಾರ ಹೊಲದ್ದು ಅಂತ ಗೊತ್ತು. ಒಂದು ದಿನ ಅದರಲ್ಲಿ ಒಂದು ಕಲ್ಲಿಗೆ ಹಸಿ ಸುಣ್ಣ ಹತ್ತಿತ್ತು. ಆ ಓಣಿಯಲ್ಲಿ ಅವತ್ತು ಸುಣ್ಣ ಬಳಿದದ್ದು ಅವಳ ಅಣ್ಣನ ಮನೆಗೆ ಮಾತ್ರ.

ಅಕ್ಕ ಅಲ್ಲಿಗೆ ನಿಲ್ಲಿಸಿದರು. ಯಾರೂ ಅಲುಗಲಿಲ್ಲ. ದೂರದಲ್ಲಿ ಯಾವುದೋ ಲಾರಿ ಗೇರ್ ಬದಲಿಸಿದ್ದು ಕೇಳಿಸಿತು. ಕಡೆಗೆ ಟೆಂಪೊದ ಹುಡುಗ ಮೆಲ್ಲಗೆ ಕೇಳಿದ.

‘ಅಕ್ಕ, ಮುಂದ ಏನಾಯ್ತು?’

‘ಮುಂದಿನ ತಿಂಗಳ ಹೇಳ್ತೀನಿ.’

ಮುಂದಿನ ಎರಡನೇ ಶನಿವಾರಕ್ಕೆ ಒಂದು ದೊಡ್ಡ ಮದುವೆಯ ಆರ್ಡರ್ ಹಿಡಿದಿದ್ದೆ. ಮರುದಿನ ಬೆಳಿಗ್ಗೆ ಎದ್ದು ಫೋನ್ ಮಾಡಿ ಅದನ್ನು ಇನ್ನೊಬ್ಬ ಮೈಕ್ ಸೆಟ್‌ನವರಿಗೆ ಬಿಟ್ಟುಕೊಟ್ಟೆ.